ಕುಂತೀನಿ, ಬರಾಕತ್ತೀನಿ: ಇಂಗ್ಲಿಶಿನ ಒಂದು ಕಾಲರೂಪ ಮತ್ತು ಬಳ್ಳಾರಿ ಸೀಮೆಯ ಕನ್ನಡ

ಕನ್ನಡದಲ್ಲಿ ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ದುಡಿಯುವವರಿಗೆ ಇಂಗ್ಲಿಶ್ ವ್ಯಾಕರಣ ಹೇಳುವ ಸರದಿ ಬಂದರೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ವಾರದ ಗಂಟೆಗಳನ್ನು ಎರಡು ಊರುಗಳ ಕಾಲೇಜುಗಳಿಗೆ ಹಂಚಿಕೊಟ್ಟು ಬಸ್ಸಿನಲ್ಲಿ ಓಡಾಡುವ ಈ ವರ್ಗದ ಅಧ್ಯಾಪಕರು ಖಾಲಿ ಬಿದ್ದ ಪಿರಿಯಡ್ಡುಗಳನ್ನು ತುಂಬುವುದೂ ವಾಡಿಕೆಯೇ ಆಗಿದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಾಡಿಗೆಮನೆ ಹಿಡಿದಿದ್ದ ಅಂಥ ಒಬ್ಬ ಉಪನ್ಯಾಸಕಿ ವಾರದಲ್ಲಿ ನಾಲ್ಕು ದಿನ ಸಿರುಗುಪ್ಪಕ್ಕೂ ಎರಡು ದಿನ ಕುರುಗೋಡಿಗೂ ಹೋಗಿಬರುತ್ತಿದ್ದರು. ಒಂದು ವರ್ಷ ಸಿರುಗುಪ್ಪದಲ್ಲಿ ಇಂಗ್ಲಿಶ್ ಅಧ್ಯಾಪಕರ ಹುದ್ದೆ ಖಾಲಿಯಾಯಿತು. ಹೊಸಬರು ಬರುವವರೆಗೆ ವ್ಯಾಕರಣದ ಭಾಗವನ್ನಾದರೂ ಮುಗಿಸಿಕೊಡಬೇಕೆಂದು ಪ್ರಾಚಾರ್ಯರು ಕೇಳಿಕೊಂಡರು. "ಗ್ರಾಮರ್ ಅಷ್ಟೇ ಮೇಡಂ, ಗೈಡಿನಲ್ಲಿ ಎಲ್ಲಾ ಐತೆ" ಎಂಬ ಭರವಸೆಯೂ ದೊರೆಯಿತು. ಗೈಡಿನ ಮೊದಲ ಪಾಠ ಪ್ರೆಸೆಂಟ್ ಕಂಟಿನ್ಯುಯಸ್ ಟೆನ್ಸ್.

ಗೈಡಿನಲ್ಲಿ ಎಲ್ಲವೂ ಇತ್ತು ಎಂಬುದು ಸುಳ್ಳಲ್ಲ. 'ಐ'ಗೆ ಆಮ್, 'ಹಿ, ಶಿ, ಇಟ್'ಗಳಿಗೆ ಈಸ್, ಉಳಿದವಕ್ಕೆ ಆರ್. ಅದರ ಮುಂದೆ ಕ್ರಿಯಾಪದ, ಕ್ರಿಯಾಪದದ ಬಾಲಕ್ಕೆ ಐಎನ್‌ಜಿ. ರೈಟ್ ಎಂಬಲ್ಲಿ ಕೊನೆಯ ಇ ಲೋಪವಾಗುತ್ತದೆ, ರನ್ ಎಂಬಲ್ಲಿ ಎನ್ ಇಮ್ಮಡಿಸುತ್ತದೆ, ಲೈ ಎಂಬಲ್ಲಿ ಐ ಮತ್ತು ಇ ಹೋಗಿ ವೈ ಬರುತ್ತದೆ. ನಿಷೇಧಕ್ಕೆ ನಡುವೆ ನಾಟ್, ಪ್ರಶ್ನೆಗೆ ಈಸ್ ಮೊದಲಿಗೆ. ಇವಿಷ್ಟನ್ನು ಅರ್ಧ ಗಂಟೆಯಲ್ಲಿ ಕಪ್ಪುಹಲಗೆಗೆ ಏರಿಸಬಹುದು, ವಿದ್ಯಾರ್ಥಿಗಳು ಅಷ್ಟೇ ಹೊತ್ತಿನಲ್ಲಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬಹುದು. ಕನ್ನಡದ ಸಮಾನರೂಪವೂ ಅಲ್ಲಿಯೇ ಅಚ್ಚಾಗಿತ್ತು: 'ಮಾಡುತ್ತಿದ್ದಾನೆ' ಎಂದರೆ 'ಈಸ್ ಡೂಯಿಂಗ್'. 'ಉತ್ತ' ಎಂಬುದು ಐಎನ್‌ಜಿ, 'ಇದ್ದಾನೆ' ಎಂಬುದು ಈಸ್. ಎರಡು ಬೇರೆ ಬೇರೆ ಕುಲದ ಭಾಷೆಗಳು ಇಷ್ಟು ಚೊಕ್ಕಟವಾಗಿ ಎದುರುಬದುರು ನಿಂತಿರುವುದನ್ನು ಕಂಡು ಕನ್ನಡದ ಅಧ್ಯಾಪಕಿಗೆ ಸಂತೋಷವೇ ಆಯಿತು.

ಅಭ್ಯಾಸದ ಹಾಳೆಗಳು ಆ ಸಂತೋಷವನ್ನು ಉಳಿಸಲಿಲ್ಲ. ಬಸ್ ನಿಲ್ದಾಣದ ಒಂದು ಚಿತ್ರವನ್ನು ಕೊಟ್ಟು, ಅದರಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಐದು ವಾಕ್ಯಗಳಲ್ಲಿ ಬರೆಯಲು ಹೇಳಲಾಗಿತ್ತು. 'ಹಿ ಗೋಯಿಂಗ್' ಎಂದು ಈಸ್ ಅನ್ನು ಕೈಬಿಟ್ಟವರು ಬಹಳ ಮಂದಿ. ಬೆಂಚಿನ ಮೇಲಿನ ಮುದುಕನನ್ನು ಕುರಿತು 'ಓಲ್ಡ್ ಮ್ಯಾನ್ ಈಸ್ ಸ್ಯಾಟ್' ಎಂದೂ, ಹೂ ಮಾರುವ ಹೆಂಗಸನ್ನು ಕುರಿತು 'ಶಿ ಈಸ್ ವೋರ್ ರೆಡ್ ಸ್ಯಾರಿ' ಎಂದೂ ಬರೆದವರು ಇನ್ನೂ ಹೆಚ್ಚು. ತಮ್ಮ ಕುಟುಂಬವನ್ನು ಕುರಿತ ಪ್ರಶ್ನೆಗೆ 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂಬ ಉತ್ತರ. ಉಪನ್ಯಾಸಕಿ ಕೆಂಪು ಶಾಯಿಯಲ್ಲಿ ಎಲ್ಲಕ್ಕೂ ಅಡ್ಡಗೆರೆ ಎಳೆದರು. ಕೊನೆಯ ವಾಕ್ಯಕ್ಕೆ ಗೆರೆ ಎಳೆಯುವಾಗ ಮಾತ್ರ ಅವರ ಕೈ ಕೊಂಚ ನಿಧಾನವಾಯಿತು. ಕೆಲವು ವರ್ಷಗಳ ಹಿಂದೆ ಒಂದು ಸಂದರ್ಶನದಲ್ಲಿ ಅವರೇ 'ಐ ಆಮ್ ಹ್ಯಾವಿಂಗ್ ಎಂ.ಎ. ಡಿಗ್ರಿ' ಎಂದು ಹೇಳಿದ್ದರು. ಮೇಜಿನ ಆಚೆಗೆ ಕುಳಿತಿದ್ದವರು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕಿದ್ದರು. ತಪ್ಪು ಯಾವುದೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಅದು ಯಾವುದೆಂದು ತಿಳಿಯಿತು; ಯಾಕೆಂದು ತಿಳಿದಿರಲಿಲ್ಲ.

ಆ ತರಗತಿಯಲ್ಲಿ ಕುರುಗೋಡಿನ ಹುಡುಗಿಯೊಬ್ಬಳಿದ್ದಳು. ಸಿರುಗುಪ್ಪದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು. ಉಳಿದೆಲ್ಲ ವಿಷಯಗಳಲ್ಲಿ ಚೆನ್ನಾಗಿಯೇ ಅಂಕ ಪಡೆದು, ಇಂಗ್ಲಿಶಿನಲ್ಲಿ ಎರಡು ಸಲ ಅನುತ್ತೀರ್ಣಳಾಗಿದ್ದಳು. ಮೂರನೆಯ ಸಲವೂ ಹೋದರೆ ಓದು ಬಿಡಿಸುವುದೆಂದು ಮನೆಯಲ್ಲಿ ಮಾತಾಗಿದೆ ಎಂಬುದನ್ನು ಅವಳು ಯಾವ ಭಾವವೂ ಇಲ್ಲದೆ, ಬಸ್ಸಿನ ವೇಳೆ ಹೇಳುವಂತೆ, ಹೇಳಿದ್ದಳು. ಒಂದು ಶನಿವಾರ ಮಧ್ಯಾಹ್ನ ಉಪನ್ಯಾಸಕಿ ಕುರುಗೋಡಿನ ಕಾಲೇಜಿಗೆ ಹೋಗಬೇಕಾಗಿತ್ತು. ಸಿರುಗುಪ್ಪದ ನಿಲ್ದಾಣದಲ್ಲಿ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಅದೇ ಹುಡುಗಿ. ಅವಳು ಫೋನಿನಲ್ಲಿ ತಾಯಿಯೊಂದಿಗೆ ಮಾತನಾಡುತ್ತಿದ್ದಳು: "ಯವ್ವಾ, ಬಸ್ಸಿನ್ಯಾಗ ಕುಂತೀನಿ. ಬರಾಕತ್ತೀನಿ. ಅಪ್ಪ ಏನ್ ಮಾಡಾಕತ್ತಾನ? ಮಲಗ್ಯಾನ?"

ಕಿವಿಗೆ ಬಿದ್ದದ್ದು ನಾಲ್ಕು ಕ್ರಿಯಾಪದಗಳು. ಇಂಗ್ಲಿಶಿನಲ್ಲಿ ನಾಲ್ಕಕ್ಕೂ ಒಂದೇ ಅಚ್ಚು: ಆಮ್ ಸಿಟ್ಟಿಂಗ್, ಆಮ್ ಕಮಿಂಗ್, ಈಸ್ ಡೂಯಿಂಗ್, ಈಸ್ ಸ್ಲೀಪಿಂಗ್. ಹುಡುಗಿಯ ಕನ್ನಡದಲ್ಲಿ ಅವು ಎರಡು ಜೊತೆಗಳಾಗಿ ಒಡೆದಿದ್ದವು. ಬರುವುದು, ಮಾಡುವುದು ಒಂದು ಜೊತೆ. ಕೂರುವುದು, ಮಲಗುವುದು ಇನ್ನೊಂದು. ಗೈಡು ಹೇಳಿದ 'ಉತ್ತ' ಎಂಬುದು ನಾಲ್ಕರಲ್ಲಿ ಒಂದರಲ್ಲೂ ಇರಲಿಲ್ಲ.

ಈ ಸಂಗತಿಯನ್ನು ತುಸು ಬಿಡಿಸಿ ನೋಡುವುದು ಅಗತ್ಯ. 'ಬರಾಕತ್ತೀನಿ' ಎಂಬುದು 'ಬರಲಿಕ್ಕೆ ಹತ್ತಿದ್ದೇನೆ' ಎಂಬುದರ ಸವೆದ ರೂಪ. ಇಲ್ಲಿ ದುಡಿಯುತ್ತಿರುವುದು 'ಹತ್ತು' ಎಂಬ ಸಹಾಯಕ ಕ್ರಿಯಾಪದ. ಕನ್ನಡದಲ್ಲಿ ಇದರಷ್ಟು ಬಗೆಬಗೆಯ ಕೆಲಸ ಮಾಡುವ ಧಾತುಗಳು ಕಡಿಮೆ. ಮರ ಹತ್ತುತ್ತಾರೆ, ಬಸ್ಸು ಹತ್ತುತ್ತಾರೆ, ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ, ಪೋಲೀಸರು ಕಳ್ಳನ ಬೆನ್ನು ಹತ್ತುತ್ತಾರೆ. ಎಲ್ಲದರಲ್ಲಿಯೂ ಒಂದಕ್ಕೆ ಇನ್ನೊಂದು ಅಂಟಿಕೊಳ್ಳುವ, ತಗುಲಿಕೊಳ್ಳುವ ಅರ್ಥವಿದೆ. ಗ್ರಾಂಥಿಕ ಗದ್ಯದಲ್ಲಿ 'ಅಳಹತ್ತಿದಳು' ಎಂದರೆ ಅಳಲು ತೊಡಗಿದಳು ಎಂದಷ್ಟೇ ಅರ್ಥ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯ ಆಡುಮಾತಿನಲ್ಲಿ ಅದು ಮುಂದೆ ಸಾಗಿ, ತೊಡಗಿದ ಕೆಲಸಕ್ಕೆ ಇನ್ನೂ ಅಂಟಿಕೊಂಡೇ ಇರುವುದನ್ನು ಹೇಳುತ್ತದೆ. 'ಅಳಾಕತ್ತಾಳ' ಎಂದರೆ ಈಗ ಅಳುತ್ತಿದ್ದಾಳೆ. ಬಳ್ಳಾರಿ ನಗರದೊಳಗೆ 'ಬರ್ತಾ ಇದಾನೆ' ಎಂಬ ರೂಪವೂ ಕಿವಿಗೆ ಬೀಳುತ್ತದೆ. ಪೇಟೆಯ ಮಾತೂ ಹಳ್ಳಿಯ ಮಾತೂ ಒಂದೇ ಬಾಯಲ್ಲಿ ಬೆರೆತಿರುವುದೂ ಉಂಟು.

ಇನ್ನು 'ಕುಂತೀನಿ'. ಇದು 'ಕುಳಿತಿದ್ದೇನೆ' ಎಂಬುದರ ರೂಪ. ಭೂತಕೃದಂತಕ್ಕೆ 'ಇರು' ಸೇರಿದ್ದು. ಗ್ರಾಂಥಿಕ ಕನ್ನಡವೂ ಇಲ್ಲಿ 'ಉತ್ತ'ವನ್ನು ಬಳಸುವುದಿಲ್ಲ. 'ಕುಳಿತುಕೊಳ್ಳುತ್ತಿದ್ದಾನೆ' ಎಂದರೆ ಆತ ಇನ್ನೂ ಕೂತಿಲ್ಲ, ಬಾಗಿದ್ದಾನೆ ಅಷ್ಟೇ. ಕೂರುವ ಕ್ರಿಯೆ ಮುಗಿದು ಅದರ ಫಲವಾದ ಸ್ಥಿತಿ ಉಳಿದಾಗ ಕನ್ನಡ 'ಕುಳಿತಿದ್ದಾನೆ' ಎನ್ನುತ್ತದೆ. ನಿಂತಿದ್ದಾನೆ, ಮಲಗಿದ್ದಾನೆ, ಸೀರೆ ಉಟ್ಟಿದ್ದಾಳೆ, ಕೊಡೆ ಹಿಡಿದಿದ್ದಾಳೆ, ಗೋಡೆಗೆ ಒರಗಿದ್ದಾನೆ, ಇವೆಲ್ಲ ಇದೇ ಸಾಲಿನವು. ಇಂಗ್ಲಿಶ್ ಸ್ಥಿತಿಯನ್ನೂ ನಡೆಯುತ್ತಿರುವ ಕ್ರಿಯೆಯಂತೆಯೇ ಭಾವಿಸಿ 'ಈಸ್ ಸಿಟ್ಟಿಂಗ್, ಈಸ್ ವೇರಿಂಗ್, ಈಸ್ ಹೋಲ್ಡಿಂಗ್' ಎನ್ನುತ್ತದೆ. ಇದನ್ನು ಗಮನಿಸಿದರೆ 'ಶಿ ಈಸ್ ವೋರ್' ಎಂದು ಬರೆದ ವಿದ್ಯಾರ್ಥಿಗೆ ವ್ಯಾಕರಣ ಬಾರದು ಎನ್ನುವಂತಿಲ್ಲ. 'ಉಟ್ಟು' ಎಂಬ ಭೂತಕೃದಂತಕ್ಕೆ ವೋರ್, 'ಇದ್ದಾಳೆ' ಎಂಬುದಕ್ಕೆ ಈಸ್. ತನ್ನ ಭಾಷೆಯ ಕಟ್ಟನ್ನು ಆಕೆ ಲೋಪವಿಲ್ಲದೆ ಬಿಡಿಸಿ ಜೋಡಿಸಿದ್ದಾಳೆ. ತಪ್ಪಿರುವುದು ಇಂಗ್ಲಿಶ್ ವಾಕ್ಯ, ತರ್ಕವಲ್ಲ.

'ಹಿ ಗೋಯಿಂಗ್' ಎಂಬುದಕ್ಕೂ ಇಂಥದೇ ಒಂದು ಕಾರಣವನ್ನು ಊಹಿಸಬಹುದು. 'ಹೋಗುತ್ತಾ ಇದ್ದಾನೆ' ಎಂಬಲ್ಲಿ 'ಇದ್ದಾನೆ' ಎಂಬುದು ಕಿವಿಗೆ ಬೇರೆಯಾಗಿ ಕೇಳುತ್ತದೆ. ಈಸ್ ಎಂಬುದರ ಜಾಗ ಅಲ್ಲಿ ತೋರುತ್ತದೆ. 'ಹೋಗಾಕತ್ತಾನ' ಎಂಬಲ್ಲಿ 'ಇರು' ಎಂಬುದು ಕರಗಿ ಪುರುಷಪ್ರತ್ಯಯದೊಳಗೆ ಸೇರಿಕೊಂಡಿದೆ. ಹೋಗಾಕ, ಹತ್ತಿ, ಇದ್ದಾನ ಎಂದು ಯಾರಾದರೂ ಬಿಡಿಸಿ ತೋರಿಸದಿದ್ದರೆ ಅದು ಕಾಣುವುದಿಲ್ಲ. ಕಾಣದ ಪದವನ್ನು ಹುಡುಗರು ಇಂಗ್ಲಿಶಿಗೆ ತರುವುದಾದರೂ ಹೇಗೆ? 'ಹ್ಯಾವಿಂಗ್' ಎಂಬುದರ ವಿಚಾರ ಇದಕ್ಕೆ ತಿರುವುಮುರುವು. 'ನನಗೆ ಇಬ್ಬರು ಅಣ್ಣಂದಿರಿದ್ದಾರೆ', 'ನನಗೆ ಗೊತ್ತೈತಿ' ಎಂಬ ವಾಕ್ಯಗಳಲ್ಲಿ 'ಇದ್ದಾರೆ', 'ಐತಿ' ಎಂಬವು ಎದ್ದು ಕಾಣುತ್ತವೆ. 'ಇದ್ದಾನೆ ಎಂದರೆ ಈಸ್' ಎಂಬ ಗೈಡಿನ ಸೂತ್ರವನ್ನು ನಂಬಿದವರು ಅಲ್ಲಿಗೂ ಒಂದು ಆಮ್ ತಂದು, ಆಮ್ ಬಂದ ಮೇಲೆ ಐಎನ್‌ಜಿಯನ್ನೂ ಎಳೆದುಕೊಂಡು ಬರುತ್ತಾರೆ. ಹೀಗೆ 'ಐ ಆಮ್ ಹ್ಯಾವಿಂಗ್', 'ಐ ಆಮ್ ನೋಯಿಂಗ್' ಹುಟ್ಟಿಕೊಂಡಿರಬೇಕು. ಭಾರತದ ಉಳಿದೆಡೆಯೂ ಇದೇ ರೂಪಗಳು ಕೇಳಿಬರುವುದರಿಂದ ಇದು ಕನ್ನಡದ ಪ್ರಭಾವವೊಂದೇ ಎನ್ನಲಾಗದು. ಆದರೆ ಸಂದರ್ಶನದ ಮೇಜಿನ ಆಚೆಗಿನ ಮುಗುಳ್ನಗೆಗಿಂತ ಈ ವಿವರಣೆ ಉಪಯುಕ್ತ.

ಬಳ್ಳಾರಿ ಸೀಮೆಯ ತರಗತಿಯಲ್ಲಿ ಕನ್ನಡವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಸಾಲದು. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯ ಏಳು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು; ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಗಡಿ ನಕ್ಷೆಯ ಮೇಲೆ ಬಿತ್ತೇ ಹೊರತು ಮನೆಮಾತುಗಳ ಮೇಲೆ ಬೀಳಲಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನ ಕ್ಯಾಂಪುಗಳಿಂದ ಬರುವ ಮಕ್ಕಳ ಮನೆಯ ಮಾತು ತೆಲುಗು. ಕೌಲ್ ಬಜಾರಿನ ಓಣಿಗಳಲ್ಲಿ ಉರ್ದು. ತೆಲುಗಿನ 'ವಸ್ತುನ್ನಾನು' ಎಂಬುದು ವಸ್ತು, ಉನ್ನಾನು ಎಂದು ಬಿಡಿಯಾಗುತ್ತದೆ. ಇದು 'ಬರುತ್ತ, ಇದ್ದೇನೆ' ಎಂಬುದರ ಸೋದರ ರೂಪ, ಇಂಗ್ಲಿಶಿನ ಕಟ್ಟಿಗೂ ಹತ್ತಿರ. ಆದರೆ ಕುಳಿತಿರುವುದನ್ನು ಹೇಳುವಾಗ ತೆಲುಗಿನವರೂ 'ಕೂರ್ಚುನ್ನಾನು' ಎಂದು ದಾರಿ ಬದಲಿಸುತ್ತಾರೆ. ಉರ್ದುವಿನಲ್ಲಿ ಬರುವವನು 'ಆ ರಹಾ ಹೂಂ' ಎನ್ನುತ್ತಾನೆ, ಕುಳಿತವನು 'ಬೈಠಾ ಹೂಂ' ಎನ್ನುತ್ತಾನೆ. ಕುಲದಿಂದ ಬೇರೆಯಾದ ಉರ್ದುವೂ ಸೇರಿ, ಒಂದೇ ಸಂತೆಯ ಮೂರು ಭಾಷೆಗಳು ಕುಳಿತಿರುವುದನ್ನೂ ಬರುತ್ತಿರುವುದನ್ನೂ ಬೇರೆ ಬೇರೆ ಕಟ್ಟಿನಲ್ಲಿ ಹೇಳುತ್ತವೆ. ಆ ತರಗತಿಯ ನಲವತ್ತೂ ಚಿಲ್ಲರೆ ಮಕ್ಕಳಲ್ಲಿ ಯಾರ ಮನೆಮಾತಿನಲ್ಲಿಯೂ 'ಈಸ್ ಸಿಟ್ಟಿಂಗ್' ಎಂಬುದಕ್ಕೆ ನೇರವಾದ ಜೊತೆಯಿರಲಿಲ್ಲ. ಗೈಡನ್ನು ಬರೆದವರು ಇದನ್ನು ಯೋಚಿಸಿರಲಾರರು; ಯೋಚಿಸಬೇಕೆಂದು ಅವರಿಗೆ ಹೇಳಬೇಕಾದವರು ಕನ್ನಡ ವಿಭಾಗದವರು.

ಇದೇ ಬಳ್ಳಾರಿಯಲ್ಲಿ ಇನ್ನೂರು ವರ್ಷಗಳ ಹಿಂದೆ ಇದರ ತಿರುವುಮುರುವಾದ ಶ್ರಮ ನಡೆದಿತ್ತು. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲ್ಲಿನ ಅನುವಾದಕ್ಕೆ ತೊಡಗಿದರು. ಅವರೊಡನೆ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಶ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಶ್ ನಿಘಂಟನ್ನೂ ಹೊರತಂದರು. ಕನ್ನಡ ಕಲಿಯಲು ಬಂದ ಇಂಗ್ಲಿಶರಿಗಾಗಿ 1817ರ ಕೇರಿಯ ವ್ಯಾಕರಣದಿಂದ 1903ರ ಕಿಟ್ಟೆಲರ ವ್ಯಾಕರಣದವರೆಗೆ ಒಂದು ಪರಂಪರೆಯೇ ಬೆಳೆಯಿತು. ಇಂಗ್ಲಿಶ್ ಕಲಿಯುವ ಕುರುಗೋಡಿನ ಹುಡುಗಿಗೆ ಸಿಕ್ಕಿದ್ದು ಗೈಡು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವವರು ಎಲ್ಲಿ ನಿಂತು ಹೊರಟಿದ್ದಾರೆಂಬುದನ್ನು ಅರಿಯುವ ಕೆಲಸ ಒಂದೇ ದಿಕ್ಕಿನಲ್ಲಿ ನಡೆದಿದೆ ಎಂಬುದನ್ನು ಗಮನಕ್ಕೆ ತರುವುದಷ್ಟೇ ಇಲ್ಲಿನ ಉದ್ದೇಶ.

ಕನ್ನಡ ವ್ಯಾಕರಣದ ತರಗತಿಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಕಾಲದ ಭಾಷೆಯನ್ನು ನೋಡಿ ಭೂತಕ್ಕೆ 'ದ', ವರ್ತಮಾನಕ್ಕೆ 'ದಪ', ಭವಿಷ್ಯತ್ತಿಗೆ 'ವ' ಎಂದು ಹೇಳಿದ. 'ದಪ' ಬಳಕೆಯಿಂದ ಹೋಯಿತು. ಮೂರು ಕಾಲಗಳ ಚೌಕಟ್ಟು ಉಳಿಯಿತು. ಖಾಲಿಯಾದ ಮನೆಗೆ ಶಾಲಾ ವ್ಯಾಕರಣಗಳು 'ಉತ್ತ'ವನ್ನು ತಂದು ಕೂರಿಸಿದವು. ಹೀಗಾಗಿ 'ಬರುತ್ತಾನೆ' ಎಂಬುದು ವರ್ತಮಾನಕಾಲ ಎಂದು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ 'ಅವನು ಎಲ್ಲಿ?' ಎಂದು ಕೇಳಿದರೆ 'ಬರುತ್ತಾನೆ' ಎಂಬ ಉತ್ತರಕ್ಕೆ ಇನ್ನೂ ಹೊರಟಿಲ್ಲ ಎಂಬ ಅರ್ಥವೇ ಹೆಚ್ಚು. 'ದಿನಾ ಬರುತ್ತಾನೆ' ಎಂದರೆ ರೂಢಿ. 'ನಾಳೆ ಬರುತ್ತಾನೆ' ಎಂದರೆ ಭವಿಷ್ಯತ್ತು. ಈ ಕ್ಷಣದ ಕ್ರಿಯೆಗೆ ಆಡುಮಾತು ಬೇರೆ ರೂಪವನ್ನೇ ಇಟ್ಟುಕೊಂಡಿದೆ. ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು 2000ದಲ್ಲಿ ಪುಸ್ತಕದ ಹೆಸರಿನಲ್ಲಿಯೇ ವಾದ ಹೂಡಿದಾಗ ಅದರ ಪರವಿರೋಧ ಚರ್ಚೆ ಬಹುಪಾಲು ಸಂಸ್ಕೃತದ ಸುತ್ತ ಸುತ್ತಿತು. ಬಳ್ಳಾರಿಯ 'ಹತ್ತು' ಯಾವ ವ್ಯಾಕರಣದ ಯಾವ ಅಧ್ಯಾಯದಲ್ಲಿ ಬರಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಲಿಲ್ಲ.

ಮುಂದಿನ ಸೋಮವಾರ ಉಪನ್ಯಾಸಕಿ ಗೈಡನ್ನು ಮೇಜಿನ ಮೇಲೆ ಮುಚ್ಚಿಟ್ಟು, ಕಪ್ಪುಹಲಗೆಯ ಮೇಲೆ 'ಬರಾಕತ್ತೀನಿ', 'ಕುಂತೀನಿ' ಎಂಬ ಎರಡು ಪದಗಳನ್ನು ಬರೆದರು. ತರಗತಿಯಲ್ಲಿ ನಗೆ ಎದ್ದಿತು. ಕಾಲೇಜಿನ ಹಲಗೆಯ ಮೇಲೆ ಅಂಥ ಪದಗಳನ್ನು ಅವರು ಕಂಡಿರಲಿಲ್ಲ. ಹುಡುಗಿ ಮಾತ್ರ ನಗದೆ ತಲೆ ತಗ್ಗಿಸಿದಳು. ತನ್ನನ್ನು ಅಣಕಿಸಲಾಗುತ್ತಿದೆ ಎಂದು ಭಾವಿಸಿದ್ದಳೆಂದು ತೋರುತ್ತದೆ. ಬರಾಕ, ಹತ್ತಿ, ಇದ್ದೀನಿ ಎಂದು ಬಿಡಿಸಿ ಬರೆದು, 'ಇದ್ದೀನಿ' ಎಂಬುದರ ಕೆಳಗೆ ಆಮ್ ಎಂದು ಬರೆದಾಗ ನಗೆ ನಿಂತಿತು. "ಮೇಡಂ, ಹಂಗಾದ್ರ ಕುಂತೀನಿ ಅನ್ನಾಗೂ ಇದ್ದೀನಿ ಐತಲ್ರೀ?" ಎಂದು ಕೇಳಿದವಳು ಅದೇ ಹುಡುಗಿ. ಐತಿ ಎಂದರು ಉಪನ್ಯಾಸಕಿ. ಎರಡರಲ್ಲೂ ಆಮ್ ಅದೇ. ಇಂಗ್ಲಿಶಿನಲ್ಲಿ ಹಿಂದಿನ ಭಾಗ ಮಾತ್ರ ಎರಡಕ್ಕೂ ಒಂದೇ ಬಗೆಯದಾಗುತ್ತದೆ. ಆಮೇಲೆ ಮಕ್ಕಳೇ ತಮ್ಮ ಮನೆಯಲ್ಲಿ 'ಕುಂತೀನಿ'ಯಂತೆ ನಡೆಯುವ ಕ್ರಿಯಾಪದಗಳನ್ನು ಹುಡುಕಿ ಹೇಳತೊಡಗಿದರು: ನಿಂತಾನ, ಮಲಗ್ಯಾನ, ಉಟ್ಟಾಳ, ಹಿಡದಾನ. ತೆಲುಗಿನವರು ತಮ್ಮವನ್ನು ಸೇರಿಸಿದರು. ಪಟ್ಟಿ ಹಲಗೆ ತುಂಬಿತು. ಈ ಪಟ್ಟಿಯ ಕ್ರಿಯಾಪದಗಳಿಗೂ ಇಂಗ್ಲಿಶ್ ಐಎನ್‌ಜಿಯನ್ನೇ ಹಚ್ಚುತ್ತದೆ ಎಂಬ ಒಂದು ಮಾತನ್ನು ಹೇಳಲು ಆ ಗಂಟೆಯೆಲ್ಲ ಬೇಕಾಯಿತು. ಗೈಡಿನ ಉಳಿದ ಪುಟಗಳು ಆ ವಾರ ಮುಂದೆ ಹೋಗಲಿಲ್ಲ.

ಇಂಗ್ಲಿಶಿನ ಈ ರೂಪವೂ ಹುಟ್ಟಿದಾಗಲೇ ಇಷ್ಟು ಅಚ್ಚುಕಟ್ಟಾಗಿರಲಿಲ್ಲ ಎಂಬುದನ್ನು ಅವರು ಆಮೇಲೆ ಓದಿಕೊಂಡರು. ಹಳೆಯ ಇಂಗ್ಲಿಶಿನಲ್ಲಿ ಕೃದಂತದ ಪ್ರತ್ಯಯ ಬೇರೆ, ಐಎನ್‌ಜಿ ಎಂಬ ಭಾವನಾಮದ ಪ್ರತ್ಯಯ ಬೇರೆ. ಎರಡೂ ಕಾಲಕ್ರಮದಲ್ಲಿ ಬೆರೆತವು. 'ಬೇಟೆಯಲ್ಲಿದ್ದಾನೆ' ಎನ್ನುವಂತೆ 'ಹಿ ಈಸ್ ಆನ್ ಹಂಟಿಂಗ್' ಎನ್ನುತ್ತಿದ್ದುದು ಸವೆದು 'ಅ-ಹಂಟಿಂಗ್' ಎಂದಾಯಿತು, ಮತ್ತೆ ಸವೆದು ಆ ಅಕಾರವೂ ಹೋಯಿತು. ಇಂದಿನ ರೂಪಕ್ಕೆ ಇದರ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮನೆ ಕಟ್ಟಲಾಗುತ್ತಿದೆ ಎನ್ನಲು ಹದಿನೆಂಟನೆಯ ಶತಮಾನದ ಇಂಗ್ಲಿಶರು 'ದಿ ಹೌಸ್ ಈಸ್ ಬಿಲ್ಡಿಂಗ್' ಎನ್ನುತ್ತಿದ್ದರು. 'ಈಸ್ ಬೀಯಿಂಗ್ ಬಿಲ್ಟ್' ಎಂಬುದು ಆ ಶತಮಾನದ ಕೊನೆಗೆ ತಲೆ ಎತ್ತಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಶುದ್ಧಿವಾದಿಗಳಿಂದ ಬೈಸಿಕೊಂಡಿತು. ಬಿಡಿ ಪದಗಳು ಬೆಸೆದು, ಸವೆದು, ಕಾಲರೂಪಗಳಾಗುವ ಈ ಕಥೆಯಲ್ಲಿ 'ಬರಲಿಕ್ಕೆ ಹತ್ತಿದ್ದೇನೆ' ಎಂಬುದು 'ಬರಾಕತ್ತೀನಿ' ಆದದ್ದಕ್ಕಿಂತ ಬೇರೆಯಾದುದೇನೂ ಇಲ್ಲ. ಒಂದಕ್ಕೆ ವ್ಯಾಕರಣದ ಮರ್ಯಾದೆ ದೊರೆತಿದೆ, ಇನ್ನೊಂದಕ್ಕೆ ದೊರೆತಿಲ್ಲ.

ಹುಡುಗಿ ಮೂರನೆಯ ಸಲ ತೇರ್ಗಡೆಯಾದಳು. ಅದು ಈ ಪಾಠದಿಂದಲೇ ಎನ್ನಲು ಆಧಾರವಿಲ್ಲ. ಪತ್ರಿಕೆಯಲ್ಲಿ ವ್ಯಾಕರಣಕ್ಕಿದ್ದ ಅಂಕಗಳು ಕಡಿಮೆ, ಪ್ರಬಂಧವೊಂದನ್ನು ಅವಳು ಉರುಹೊಡೆದಿದ್ದಳು. ಅಷ್ಟರಲ್ಲಿ ಇಂಗ್ಲಿಶಿಗೆ ಹೊಸ ಅಧ್ಯಾಪಕರು ಬಂದರು. ಉಪನ್ಯಾಸಕಿ ಮತ್ತೆ ಕನ್ನಡದ ಗಂಟೆಗಳಿಗೆ ಮರಳಿದರು.

ಆ ವರ್ಷದ ಕೊನೆಯಲ್ಲಿ ಕುರುಗೋಡಿನ ಕಾಲೇಜಿನ ಕಿರುಪರೀಕ್ಷೆಯ ಕನ್ನಡ ಉತ್ತರಪತ್ರಿಕೆಗಳು ಅವರ ಮುಂದಿದ್ದವು. ತಮ್ಮ ಊರಿನ ಜಾತ್ರೆಯನ್ನು ವರ್ಣಿಸಿ ಎಂಬ ಪ್ರಶ್ನೆಗೆ ಒಬ್ಬ ಹುಡುಗ ದೊಡ್ಡಬಸವೇಶ್ವರನ ತೇರನ್ನು ಕುರಿತು ಬರೆದಿದ್ದ. ಮೊದಲೆರಡು ಪುಟಗಳು ಪಠ್ಯದ ಕನ್ನಡದಲ್ಲಿ ಸಾಗಿ, ತೇರು ಹೊರಡುವ ಹೊತ್ತಿಗೆ ಅವನ ಭಾಷೆ ಓಟ ಹಿಡಿದಿತ್ತು: 'ಜನ ಹಗ್ಗ ಎಳಿಯಾಕತ್ತಾರ, ಮುದುಕರು ಕಟ್ಟಿ ಮ್ಯಾಲ ಕುಂತಾರ.' ಇಂಥ ರೂಪಗಳಿಗೆ ಅಡ್ಡಗೆರೆ ಎಳೆದು ಮೇಲೆ 'ಎಳೆಯುತ್ತಿದ್ದಾರೆ' ಎಂದು ತಿದ್ದಿ ಬರೆದು ಅರ್ಧ ಅಂಕ ಕಳೆಯುವುದು ಅವರ ಆವರೆಗಿನ ಪದ್ಧತಿ. ಅವರಿಗೆ ಕಲಿಸಿದವರದೂ ಅದೇ ಪದ್ಧತಿ. ಗ್ರಾಂಥಿಕ ಭಾಷೆ ಬಾರದೆ ಮುಂದಿನ ಪರೀಕ್ಷೆಗಳಲ್ಲಿ ಆ ಹುಡುಗ ಉಳಿಯಲಾರ ಎಂಬುದೂ ನಿಜ. ಅವರು ಗೆರೆ ಎಳೆಯದೆ ಆ ಎರಡು ಪದಗಳ ಸುತ್ತ ಪೆನ್ಸಿಲಿನಿಂದ ಒಂದೊಂದು ದುಂಡು ಹಾಕಿದರು. ಅಂಕದ ಜಾಗವನ್ನು ಹಾಗೆಯೇ ಬಿಟ್ಟು ಮುಂದಿನ ಪತ್ರಿಕೆಯನ್ನು ತೆಗೆದುಕೊಂಡರು.